ಬಾಡಿಗೆ ಮನೆಗೆ ಅಲಾರಂ ಹಾಕಿಸಿದ ನನ್ನ ಅನುಭವ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಒಂದು ಮನೆ ಬಾಡಿಗೆಗಿದೆ. ಇಲ್ಲಿನ 2015ರ ನಿಯಮದಂತೆ ಬಾಡಿಗೆ ಮನೆಯ ಕೆಳಗೂ ಮೇಲೂ ಒಂದೊಂದು ಹೊಗೆ ಅಲಾರಂ ಇರಲೇಬೇಕು. 2022ರ ಅಕ್ಟೋಬರ್ 1ರಿಂದ ಗ್ಯಾಸ್ ಬಾಯ್ಲರ್ (ಮನೆಯನ್ನೂ ನೀರನ್ನೂ ಬಿಸಿ ಮಾಡುವ ಯಂತ್ರ) ಇರುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕಡ್ಡಾಯ. ಇಂಧನ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಇದು. ಅಡುಗೆಯ ಗ್ಯಾಸ್ ಒಲೆಗೆ ವಿನಾಯಿತಿ ಇದೆ.

ಎಷ್ಟು ಬೇಕು ಅನ್ನುವುದು ಸುಲಭ. ಎಲ್ಲಿ ಹಾಕಬೇಕು ಅನ್ನುವುದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಅಡುಗೆಮನೆ ಬಾಗಿಲ ಹತ್ತಿರ ಹೊಗೆ ಅಲಾರಂ ಇದ್ದರೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ. ನಾಲ್ಕು ದಿನ ಸಹಿಸಿಕೊಂಡವರು ಐದನೇ ದಿನ ಕಿತ್ತು ಡ್ರಾಯರಿಗೆ ಹಾಕುತ್ತಾರೆ, ಅಲ್ವಾ? ಅದಕ್ಕೇ ಕೆಳಗಿನದನ್ನು ಮೆಟ್ಟಿಲ ಬುಡದ ಸೀಲಿಂಗಿಗೆ, ಗೋಡೆಯಿಂದ 30 ಸೆಂಟಿಮೀಟರ್ ಬಿಟ್ಟು ಹಾಕಿಸಿದೆ. ಅಡುಗೆಮನೆಗೆ ಶಾಖದ ಅಲಾರಂ ಹಾಕಿಸಿದೆ. ಅದು ಹೊಗೆಗೆ ಕೂಗುವುದಿಲ್ಲ, ಬಿಸಿ ಏರಿದರೆ ಮಾತ್ರ ಕೂಗುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಹೊಗೆ ಅಲಾರಂ ಅಲ್ಲ, ಹಾಗಾಗಿ ಇದು ಹೆಚ್ಚುವರಿ ಖರ್ಚು. ಆದರೂ ಹಾಕಿಸಿ ಅಂತಲೇ ಹೇಳುತ್ತೇನೆ. ಎಲ್ಲವೂ ಒಂದಕ್ಕೊಂದು ರೇಡಿಯೋ ಸಂಪರ್ಕದಲ್ಲಿವೆ. ಅಡುಗೆಮನೆಯದು ಕೂಗಿದರೆ ಮೇಲೆ ಮಲಗಿದವರ ತಲೆಯ ಮೇಲಿನದೂ ಕೂಗುತ್ತದೆ. ಬ್ಯಾಟರಿ ಹತ್ತು ವರ್ಷದ್ದು, ತೆಗೆಯಲು ಬರುವುದಿಲ್ಲ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಾಯ್ಲರಿನಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಜನ ಜ್ವರದ ಸೂಚನೆ ಅಂದುಕೊಳ್ಳುತ್ತಾರೆ. ಗಾಳಿಯಲ್ಲಿ ಇದು 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ ಅಲಾರಂ 60ರಿಂದ 90 ನಿಮಿಷದೊಳಗೆ ಕೂಗುತ್ತದೆ, 300 ಪಿಪಿಎಂ ಇದ್ದರೆ ಮೂರೇ ನಿಮಿಷದಲ್ಲಿ.

ಬಾಡಿಗೆ ಶುರುವಾಗುವ ದಿನವೇ ಅಲಾರಂ ಪರೀಕ್ಷಿಸಬೇಕು ಅಂತ ನಿಯಮವಿದೆ. ನಾನು ಬಾಡಿಗೆಯವರ ಕೈಯಿಂದಲೇ ಗುಂಡಿ ಒತ್ತಿಸುತ್ತೇನೆ. ಯಾವ ಸದ್ದು ಯಾವುದರದ್ದು ಅಂತ ಅವರಿಗೆ ಗೊತ್ತಿರಲಿ. ದಿನಾಂಕ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಕಿಟಕಿ ತೆರೆದು, ಬಾಯ್ಲರ್ ಆರಿಸಿ, ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಫೋನ್ ಮಾಡಬೇಕು. ಅದನ್ನೂ ಬರೆದು ಬಾಯ್ಲರ್ ಪಕ್ಕ ಅಂಟಿಸಿದ್ದೇನೆ.

ಇದೆಲ್ಲ ಮಾಡುವಾಗ ಮೈಸೂರಿನ ಅಪ್ಪ ಅಮ್ಮನ ಬಚ್ಚಲಿನ ಗ್ಯಾಸ್ ಗೀಸರ್ ನೆನಪಾಯಿತು. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗೀಸರ್ ಉರಿದು ಇದೇ ಅನಿಲದಿಂದ ಜನ ಸತ್ತ ಸುದ್ದಿ ನಮ್ಮ ಕಡೆಯ ಪೇಪರ್‌ಗಳಲ್ಲಿ ಬರುತ್ತಲೇ ಇರುತ್ತದೆ. ಊರಿಗೆ ಹೋದಾಗ ಮೊದಲು ಗೀಸರನ್ನು ಹೊರಗೋಡೆಗೆ ಹಾಕಿಸಿದೆ. ಆಮೇಲೆ ಒಂದು ಅಲಾರಂ ತೆಗೆದುಕೊಂಡು ಹೋಗಿ, ಹಬೆ ತಾಗದಂತೆ ಬಚ್ಚಲಿನ ಆಚೆಗಿನ ಪ್ಯಾಸೇಜಿನಲ್ಲಿ ಹಾಕಿದೆ.