ಎಕ್ಸೆಲ್‌ನಲ್ಲಿ ಡಿಗ್ರಿ-ಮಿನಿಟ್-ಸೆಕೆಂಡ್ ಕೋನದ ಸೈನ್ ಸರಿಯಾಗಿ ತೆಗೆಯುವುದು

ಸರ್ವೆ ಕೋನಗಳಿಗೆ ಎಕ್ಸೆಲ್‌ನಲ್ಲಿ ಸೈನ್ ಬೆಲೆ ತಪ್ಪು ಬರುತ್ತಿತ್ತು. 30 ಡಿಗ್ರಿಗೆ 0.5 ಬರಬೇಕು, ಬಂದಿದ್ದು -0.988. ಸೆಲ್ ಫಾರ್ಮ್ಯಾಟ್ ಬದಲಿಸಿದರೂ ಅಷ್ಟೇ. ಕ್ಯಾಲ್ಕುಲೇಟರ್‌ನಲ್ಲಿರುವಂಥ ಡಿಗ್ರಿ ಮೋಡ್ ಇಲ್ಲಿ ಇಲ್ಲವೇ ಇಲ್ಲ, ಎಲ್ಲ ರೇಡಿಯನ್‌ನಲ್ಲೇ (ಕೋನ ಅಳೆಯುವ ಇನ್ನೊಂದು ಮಾನ). 12 ಡಿಗ್ರಿ 58 ಮಿನಿಟ್ 30 ಸೆಕೆಂಡನ್ನು 12.5830 ಅಂತ ಹಾಕಿದರೂ ಆಗುವುದಿಲ್ಲ. ಡಿಗ್ರಿಗೆ 60 ಮಿನಿಟ್ ಅಲ್ವಾ.

ಕೆಲಸ ಮಾಡಿದ್ದು ಇದು. ಎ2 ಸೆಲ್‌ನಲ್ಲಿ ಟೈಮ್ ಬರೆದ ಹಾಗೆ 12:58:30 ಅಂತ ಹಾಕಿ. ಬಿ2ನಲ್ಲಿ =A2*24. ಎಕ್ಸೆಲ್‌ಗೆ ಇಡೀ ದಿನ ಅಂದರೆ 1, ಅದಕ್ಕೇ ಈ 24. ಬಿ2 ಮತ್ತೆ ಟೈಮ್ ಥರವೇ ಕಂಡರೆ ಫಾರ್ಮ್ಯಾಟನ್ನು ನಂಬರ್ ಮಾಡಿ, ದಶಾಂಶ 4 ಇಡಿ. 12.9750 ಬರುತ್ತದೆ. ಆಮೇಲೆ ಸಿ2ನಲ್ಲಿ =SIN(RADIANS(B2)). ಉತ್ತರ 0.2245.

ಕೋನ ಕಳೆಯುವುದಿದ್ದರೆ ಬಿ ಕಾಲಂನಲ್ಲೇ ಕಳೆಯಿರಿ. ಎ ಕಾಲಂನಲ್ಲಿ ಕಳೆದು ಉತ್ತರ ಮೈನಸ್ ಆದರೆ ಸೆಲ್ ತುಂಬ ಬರೀ ಹ್ಯಾಶ್ ಗುರುತು.