ಕಟಬಾಯಿ ಸೀಳಿದೆಯಾ? ಮಾತ್ರೆ ನುಂಗುವ ಮೊದಲು ಇಷ್ಟು ಮಾಡಿ

ಕಟಬಾಯಿ ಸೀಳಿತು, ಬೆರಳ ಗೆಣ್ಣು ಕಪ್ಪಾಯಿತು, ಕೂದಲು ಉದುರಿತು. ಮೈಸೂರಾಗಲಿ ಮಂಡ್ಯವಾಗಲಿ, ಮುಂದಿನ ಕೆಲಸ ಒಂದೇ. ಮೆಡಿಕಲ್ ಶಾಪಿಗೆ ಹೋಗಿ 'ಒಂದು ಶೀಟ್ ಬಿ ಕಾಂಪ್ಲೆಕ್ಸ್ ಕೊಡಿ' ಅನ್ನುವುದು. ಶೀಟ್ ಮುಗಿಯುವ ಹೊತ್ತಿಗೆ ಬಾಯಿ ವಾಸಿಯಾಗುತ್ತದೆ, ಅದರ ಹಿಂದಿರುವ ಪೋಷಕಾಂಶದ ಕೊರತೆ ಹಾಗೇ ಉಳಿಯುತ್ತದೆ. ಒಂದೆರಡು ತಿಂಗಳಿಗೆ ಮತ್ತೆ ಅದೇ ಸೀಳು. ಸುಮ್ನೆ ದುಡ್ಡು ದಂಡ.

ಮೊದಲು: ಹಗಲು ಬೆಳಕಿನಲ್ಲಿ ನೋಡಿ

ಟ್ಯೂಬ್‌ಲೈಟ್ ಕೆಳಗೆ ಎಲ್ಲರೂ ಬಿಳಿಚಿಕೊಂಡೇ ಕಾಣುತ್ತಾರೆ. ಅಂಗಳಕ್ಕೋ ಕಿಟಕಿಯ ಬಳಿಗೋ ಬನ್ನಿ. ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ಅದು ಬಿಳಿಚಿದ್ದರೆ, ಉಗುರು ಚಮಚದ ಹಾಗೆ ನಡುವೆ ತಗ್ಗಿದ್ದರೆ, ಕಬ್ಬಿಣದ ಅಂಶ ಕಡಿಮೆ ಇರಬಹುದು. ನಾಲಿಗೆ ಕೆಂಪಗೆ, ನುಣ್ಣಗೆ ಆಗಿ ಉರಿಯುತ್ತಿದೆಯಾ? ಜೊತೆಗೆ ಗೆಣ್ಣುಗಳ ಮೇಲೆ ಕಪ್ಪು ಕವಿದಿದೆಯಾ? ಬಿ12 ವಿಟಮಿನ್ ಕೊರತೆಯ ಕಡೆ ಅನುಮಾನ ಪಡಿ. ನಮ್ಮಂಥ ಮೈಬಣ್ಣದವರಲ್ಲಿ ಈ ಗೆಣ್ಣಿನ ಕಪ್ಪು ಒಳ್ಳೆಯ ಸುಳಿವು, ಆದರೆ ಬಿಸಿಲಿಗೆ ಆಗಿದ್ದು ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಮಕ್ಕಳ ಮೊಣಕೈ, ಮೊಣಕಾಲು ಮುಟ್ಟಿದರೆ ಮುಳ್ಳುಮುಳ್ಳಾಗಿದ್ದರೆ ಎ ವಿಟಮಿನ್, ಬಿ ಗುಂಪು, ಒಳ್ಳೆಯ ಕೊಬ್ಬು ಇವುಗಳಲ್ಲಿ ಯಾವುದೋ ಸಾಲದಿರಬಹುದು. ವಸಡಿನಲ್ಲಿ ರಕ್ತ, ಕೂದಲ ಬುಡದ ಸುತ್ತ ಸಣ್ಣ ಕೆಂಪು ಚುಕ್ಕೆ ಇದ್ದರೆ ಸಿ ವಿಟಮಿನ್ ಕಡಿಮೆ ಇರಬಹುದು.

ಇನ್ನು ಕೊರತೆಯಲ್ಲದೆ ಕೊರತೆಯ ಹೆಸರು ಹೊತ್ತವು. ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕಡಿಮೆಯಾಗಿದ್ದಕ್ಕಲ್ಲ, ಹೆಚ್ಚಾಗಿ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟು. ಮಕ್ಕಳ ಕೆನ್ನೆಯ ತಿಳಿ ಮಚ್ಚೆಗೆ ಅಜ್ಜಿಯರು ಹೊಟ್ಟೆಹುಳ ಅನ್ನುತ್ತಾರೆ, ಅಪ್ಪಂದಿರು ಕ್ಯಾಲ್ಸಿಯಂ ಸಿರಪ್ ತರುತ್ತಾರೆ. ಬಹುತೇಕ ಅದು ಒಣಚರ್ಮದ ಸಣ್ಣ ಎಕ್ಸಿಮಾ. ಕತ್ತಿನ ಕಪ್ಪನ್ನು ತೆಂಗಿನ ನಾರು ಹಾಕಿ ಉಜ್ಜುವುದನ್ನು ದಯವಿಟ್ಟು ನಿಲ್ಲಿಸಿ. ಅದು ಕೊಳೆಯಲ್ಲ, ಎಷ್ಟೋ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಶುಗರ್ ಪರೀಕ್ಷೆ ಮಾಡಿಸಿ.

ಆಮೇಲೆ: ಒಂದು ವಾರದ ಊಟ, ನುಂಗುವ ಮಾತ್ರೆ ಎರಡನ್ನೂ ಚೀಟಿಯಲ್ಲಿ ಬರೆದಿಡಿ

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ವರ್ಷಗಟ್ಟಲೆ ತಿನ್ನುವ ಗ್ಯಾಸ್ ಮಾತ್ರೆ ಎರಡೂ ಬಿ12 ಇಳಿಸುತ್ತವೆ. ಡಾಕ್ಟರಿಗೆ ಈ ಚೀಟಿ ತೋರಿಸಿ.

ಮೂರನೆಯದು: ರಕ್ತ ಪರೀಕ್ಷೆ. ಎಡವುವುದು ಇಲ್ಲೇ

ಮೊದಲ ತಪ್ಪು, ಮಾತ್ರೆ ಶುರು ಮಾಡಿ ಆಮೇಲೆ ಪರೀಕ್ಷೆಗೆ ಹೋಗುವುದು. ಒಂದು ಬಿ12 ಇಂಜೆಕ್ಷನ್ ಹಾಕಿಸಿಕೊಂಡರೂ ಸಾಕು, ವಾರಗಟ್ಟಲೆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಕೊರತೆ ಇತ್ತಾ ಇಲ್ಲವಾ ಎಂದು ಯಾರೂ ಹೇಳಲಾರರು. ಆದ್ದರಿಂದ ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ.

ಎರಡನೆಯದು, ಬರೀ ಹಿಮೋಗ್ಲೋಬಿನ್ ನೋಡಿ 'ನಾರ್ಮಲ್ ಬಿಡಿ' ಅನ್ನುವುದು. ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಅದಕ್ಕೂ ಮೊದಲೇ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗಿರುತ್ತದೆ. ಆ ಸಂಗ್ರಹವನ್ನು ತೋರಿಸುವುದು ಫೆರಿಟಿನ್. ದೊಡ್ಡವರಲ್ಲಿ ಅದು 15 ng/mlಗಿಂತ ಕಡಿಮೆ ಇದ್ದರೆ ಸಂಗ್ರಹ ಬರಿದಾಗಿದೆ ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಮಾತ್ರ ಫೆರಿಟಿನ್ ಮಾಡಿಸಬೇಡಿ, ಸುಳ್ಳೇ ಏರಿರುತ್ತದೆ.

ಮೂರನೆಯದು ಸೂಕ್ಷ್ಮ. ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಯ ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ. ಅದು ಕೆಂಪು ರಕ್ತಕಣದ ಗಾತ್ರ. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆ ಇದ್ದರೆ? ಒಂದನ್ನೊಂದು ಸರಿದೂಗಿಸಿ ಎಂಸಿವಿ ಸರಿಯಾಗಿಯೇ ಕಾಣುತ್ತದೆ! ಸಸ್ಯಾಹಾರಿ ಮನೆಯ ಹೆಣ್ಣುಮಕ್ಕಳಲ್ಲಿ ಈ ಜೋಡಿ ಅಪರೂಪವೇನಲ್ಲ. ಹಾಗಾಗಿ ಸಿಬಿಸಿ, ಫೆರಿಟಿನ್, ಬಿ12 ಮೂರನ್ನೂ ಒಟ್ಟಿಗೆ ಮಾಡಿಸಿ. ಬಿ12 ಸಾಮಾನ್ಯವಾಗಿ 200 pg/mlಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಲಕ್ಷಣ ನೋಡಿ ಡಾಕ್ಟರ್ ತೀರ್ಮಾನಿಸಲಿ. ನೂರೆಂಟು ಪರೀಕ್ಷೆಯ 'ಫುಲ್ ಬಾಡಿ' ಪ್ಯಾಕೇಜು ನನ್ನ ಮಟ್ಟಿಗೆ ಬೇಡವೇ ಬೇಡ.

ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದೀರಾ? ಲ್ಯಾಬಿಗೆ ಮೊದಲೇ ಹೇಳಿ, ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಎರಡನ್ನೂ ಅದು ಕೆಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಅಷ್ಟಕ್ಕೂ ನಿಜವಾದ ಬಯೋಟಿನ್ ಕೊರತೆ ತೀರಾ ಅಪರೂಪ. ಬಣ್ಣಬಣ್ಣದ ಹೇರ್ ಗಮ್ಮಿ ಡಬ್ಬಿಗಳಿಗೆ ದುಡ್ಡು ಸುರಿಯುವ ಬದಲು ಮೊಟ್ಟೆ ತನ್ನಿ.

ನಾಲ್ಕನೆಯದು: ಕಬ್ಬಿಣದ ಮಾತ್ರೆ, ಕಾಫಿ ದೂರ

ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿದರೆ ಮಾತ್ರೆಯ ಬಹುಪಾಲು ಹೀರಿಕೆಯೇ ಆಗುವುದಿಲ್ಲ. ಟೀ ಇನ್ನೂ ಕಡೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಿ. ಬಸುರಿಯರಿಗೆ ಎರಡೂ ಬರೆದುಕೊಟ್ಟಿರುತ್ತಾರೆ, ಒಟ್ಟಿಗೇ ನುಂಗಿ ಮುಗಿಸಿಬಿಡುತ್ತಾರೆ. ನಡುವೆ ಎರಡು ಗಂಟೆಯಾದರೂ ಬಿಡಿ. ಖಾಲಿ ಹೊಟ್ಟೆಯಲ್ಲಿ ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು. ವಾಂತಿ ಬರುವಂತಾದರೆ ರಾತ್ರಿ ಊಟದ ನಂತರ. ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು.

ದುಬಾರಿ ಬ್ರ್ಯಾಂಡೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಮಾತ್ರೆ ಸಾಕು. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಬಿ12 ಕಡಿಮೆ ಇರುವವರು ಬರೀ ಫೋಲಿಕ್ ಆಸಿಡ್ (ಅದೂ ಒಂದು ಬಿ ವಿಟಮಿನ್) ನುಂಗಿದರೆ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಪಾದ ಜುಮ್ಮೆನ್ನುತ್ತಿದ್ದರೆ ತಡಮಾಡಬೇಡಿ.

ಊಟ

ಬಸ್ಸಾರು, ಮಸ್ಸೊಪ್ಪು ಇರಲಿ, ಮೇಲೆ ನಿಂಬೆಹಣ್ಣು ಹಿಂಡಿ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಮಂಡ್ಯದವರು ಮುನಿಸಿಕೊಳ್ಳಬಾರದು, ಬೆಲ್ಲ ತಿಂದರೆ ರಕ್ತ ಬರುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಒಂದು ಸಣ್ಣ ತುಂಡು ಬೆಲ್ಲದಲ್ಲಿ 1 ಮಿಲಿಗ್ರಾಂ ಸಿಗುವುದೂ ಕಷ್ಟ. ಬಿ12 ಸೊಪ್ಪು, ಕಾಳಿನಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸವೇ ಆಗಬೇಕು.

ಎ ವಿಟಮಿನ್ ಕ್ಯಾಪ್ಸೂಲನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಅತಿಯಾದರೂ ತುಟಿ ಒಡೆಯುತ್ತದೆ, ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ. ಬಸುರಿಯರಿಗಂತೂ ಮಗುವಿಗೇ ಅಪಾಯ.

ಕಾಯಬಾರದ ಸಂದರ್ಭ ಎರಡಿವೆ. ಎದೆಹಾಲು ಬಿಡಿಸಿದ ಮಗುವಿಗೆ ಬಾಯಿ ಸುತ್ತ, ಕುಂಡೆಯ ಹತ್ತಿರ ಕೆಂಪು ಹುಣ್ಣು, ಜೊತೆಗೆ ಭೇದಿ. ಅದು ಸತುವಿನ, ಅಂದರೆ ಜಿಂಕ್ ಕೊರತೆ ಇರಬಹುದು. ಇನ್ನೊಂದು, ಜಾಸ್ತಿ ಕುಡಿಯುವವರಿಗೆ ಬಿಸಿಲು ಬೀಳುವ ಕತ್ತು, ಕೈಗಳಲ್ಲಿ ಸುಟ್ಟಂಥ ಕಪ್ಪು ಕಲೆ, ಭೇದಿ, ಮಾತಿನಲ್ಲಿ ಗೊಂದಲ. ಅದು ನಯಾಸಿನ್, ಅಂದರೆ ಬಿ3 ವಿಟಮಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ಕಾಯಿಲೆ ಆಗಿರಬಹುದು, ಬಿಟ್ಟರೆ ಪ್ರಾಣಕ್ಕೇ ಕುತ್ತು. ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ ಅದೇ ದಿನ ಹೋಗಿ.