ಮಿತ ಹಣದಲ್ಲಿ ಗೇಮಿಂಗ್ ಕಂಪ್ಯೂಟರ್: ಕರಾವಳಿಯ ಮನೆಗೆ ಬಿಡಿಭಾಗಗಳ ಆಯ್ಕೆ

ಗೇಮಿಂಗ್ ಕಂಪ್ಯೂಟರಿಗೆಂದು ಅರವತ್ತು ಸಾವಿರ ರೂಪಾಯಿ ಕೂಡಿಸಿಟ್ಟುಕೊಂಡವರು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಯಾವ ಮಾನಿಟರಿನಲ್ಲಿ ಆಡುತ್ತೇವೆಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಳ್ಳಬೇಕು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ, 2560×1440ರಲ್ಲಿ ಸುಮಾರು 36.9 ಲಕ್ಷ. ಪ್ರತಿ ಚಿತ್ರಕ್ಕೂ ಅಷ್ಟೂ ಚುಕ್ಕಿಗಳನ್ನು ಗ್ರಾಫಿಕ್ಸ್ ಕಾರ್ಡೇ ತುಂಬಬೇಕಾದ್ದರಿಂದ, ಕಡಿಮೆ ಹಣದವರಿಗೆ 1080ರ ಪರದೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರದೆ ನಿಶ್ಚಯವಾದ ಮೇಲೆ ಒಟ್ಟು ಹಣದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡಿ. 8 ಜಿಬಿಗಿಂತ ಕಡಿಮೆ ಮೆಮೊರಿಯ ಕಾರ್ಡನ್ನು ಈಗ ಕೊಳ್ಳಬಾರದು. 2021ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6600 ಹಳೆಯದಾದರೂ 8 ಜಿಬಿ ಮೆಮೊರಿ ಹೊಂದಿದ್ದು, 132 ವ್ಯಾಟ್ ವಿದ್ಯುತ್ತಿನಲ್ಲಿಯೇ 1080ರ ಪರದೆಗೆ ಸಾಕಾಗುವಷ್ಟು ಕೆಲಸ ಮಾಡುತ್ತದೆ. ಅದೇ ಸಾಲಿನ 6500 ಎಕ್ಸ್‌ಟಿ ಅಗ್ಗವೆಂದು ಮನಸೋಲಬೇಡಿ. ಅದರ ಸಾಮಾನ್ಯ ಮಾದರಿಯಲ್ಲಿ 4 ಜಿಬಿ ಮೆಮೊರಿ ಮಾತ್ರವಿದ್ದು, ಮದರ್‌ಬೋರ್ಡಿನೊಂದಿಗೆ ಮಾಹಿತಿ ಸಾಗುವ ದಾರಿಗಳಾದ ನಾಲ್ಕೇ ಲೇನ್‌ಗಳಲ್ಲಿ ವ್ಯವಹರಿಸುವ ಕಾರಣ ಕಾರ್ಡು ಕೂರುವ ಸಂಪರ್ಕ ಪಿಸಿಐಇ 3.0 ಮಾದರಿಯದಾಗಿರುವ ಹಳೆಯ ಬೋರ್ಡಿನಲ್ಲಿ ಅದರ ವೇಗ ಇನ್ನಷ್ಟು ಕುಸಿಯುತ್ತದೆ. ಬಳಸಿದ ಕಾರ್ಡು ಕೊಳ್ಳುವವರು ಅದರ ಸ್ಕ್ರೂಗಳನ್ನೂ ಕೇಬಲ್ ಸಿಕ್ಕಿಸುವ ಲೋಹದ ಪಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಮಲ್ಪೆ, ಸುರತ್ಕಲ್‌ಗಳಂತಹ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿ ಮೊದಲು ಹಿಡಿಯುವುದು ಅಲ್ಲಿಯೇ. ಅಲ್ಲಿ ತುಕ್ಕು ಕಂಡರೆ ಒಳಗಿನ ಸ್ಥಿತಿಯನ್ನು ಊಹಿಸಿಕೊಂಡು ಹಿಂತಿರುಗಿಸಿ.

ಪ್ರೊಸೆಸರಿನ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಾಗಿಲ್ಲ. ಆರು ಕೋರ್ (ಲೆಕ್ಕ ಮಾಡುವ ಘಟಕ), ಏಕಕಾಲಕ್ಕೆ ನಡೆಯಬಲ್ಲ ಹನ್ನೆರಡು ಥ್ರೆಡ್‌ಗಳ ರೈಜೆನ್ 5 5600 ಈ ಮಟ್ಟದ ಕಾರ್ಡಿಗೆ ಒಳ್ಳೆಯ ಜೊತೆ. ಇನ್ನೂ ಉಳಿಸಬೇಕೆಂದರೆ ನಾಲ್ಕು ಕೋರ್‌ಗಳ ಇಂಟೆಲ್ ಕೋರ್ ಐ3 12100ಎಫ್ ಇದೆ. ಇಂಟೆಲ್ ಹೆಸರಿನ ಕೊನೆಯ 'ಎಫ್' ಒಳಗೆ ಗ್ರಾಫಿಕ್ಸ್ ಇಲ್ಲವೆಂಬುದನ್ನು ತಿಳಿಸುತ್ತದೆ. ಕಾರ್ಡಿಗೆ ಈಗ ಹಣ ಒದಗದವರು ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ಕೊಂಡು, ವ್ಯಾಲೊರೆಂಟ್‌ನಂತಹ ಹಗುರ ಆಟಗಳನ್ನು ಆಡುತ್ತ, ಮುಂದಿನ ವರ್ಷ ಕಾರ್ಡು ಸೇರಿಸಬಹುದು. ಕಂಪ್ಯೂಟರಿನ ಕೆಲಸದ ಮೆಮೊರಿಯಾದ ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿರಲಿ. ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ಅರ್ಧ ದಾರಿ ಮುಚ್ಚಿದಂತಾಗುತ್ತದೆ, 5600ಜಿ ಇದ್ದವರಿಗಂತೂ ಅದರ ಪೆಟ್ಟು ಆಟದಲ್ಲಿಯೇ ಕಾಣುತ್ತದೆ.

ನಮ್ಮ ಊರುಗಳಲ್ಲಿ ಜನ ಎಡವುವುದು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಆಯ್ಕೆಯಲ್ಲಿ. ನಾನು ಮೊದಲ ಕಂಪ್ಯೂಟರ್ ಜೋಡಿಸಿದಾಗ ಕ್ಯಾಬಿನೆಟ್ಟಿನ ಜೊತೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ಸನ್ನೇ ಉಳಿಸಿಕೊಂಡಿದ್ದೆ. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆಯ ನಡುವೆ ಕರೆಂಟು ಹೋಗಿ ಬಂದು ಮಾಡಿತು. ಎಸ್‌ಎಂಪಿಎಸ್ ತಾನು ಸುಟ್ಟದ್ದಲ್ಲದೆ ಮದರ್‌ಬೋರ್ಡನ್ನೂ ಕೊಂಡೊಯ್ದಿತು. ಎರಡು ಸಾವಿರ ಉಳಿಸಲು ಹೋಗಿ ಎಂಟು ಸಾವಿರ ಕಳೆದುಕೊಂಡ ಆ ನೋವು ಇನ್ನೊಬ್ಬರಿಗೆ ಬರಬಾರದು. ಮೇಲೆ ಹೇಳಿದ ಕಾರ್ಡು, ಪ್ರೊಸೆಸರ್ ಎರಡೂ ಸೇರಿ ಸುಮಾರು 200 ವ್ಯಾಟ್ ಬೇಡುತ್ತವೆ, ಉಳಿದದ್ದಕ್ಕೆ ಇನ್ನೈವತ್ತೋ ಅರವತ್ತೋ ಹಿಡಿಯಿರಿ. ಆದ್ದರಿಂದ '80 ಪ್ಲಸ್ ಬ್ರಾಂಜ್' ಎಂಬ ವಿದ್ಯುತ್ ದಕ್ಷತೆಯ ಗುರುತಿನ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದಾದರೆ ಇಂತಹ ಎಸ್‌ಎಂಪಿಎಸ್ ಅದರ ಮೇಲೆ ಸರಿಯಾಗಿ ನಡೆಯದೆ ಕರೆಂಟು ಹೋದ ಕ್ಷಣ ಕಂಪ್ಯೂಟರ್ ಆರಿಹೋಗಬಹುದು, ಹಾಗಾಗಿ ಸೈನ್ ವೇವ್ ಹೌದೇ ಎಂದು ಮೊದಲೇ ನೋಡಿಕೊಳ್ಳಿ. ಹಳೆಯ ಹಂಚಿನ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತಿಂಗ್ ತಂತಿ ಇಲ್ಲದಿರುವುದುಂಟು. ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳುವುದು ಖರೀದಿಯ ಭಾಗವೇ ಆಗಿದೆ. ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ಟಿನ ಕೇಬಲನ್ನೂ ಕಿತ್ತಿಡಬೇಕು.

ಎಸ್‌ಎಸ್‌ಡಿ (ಆಟಗಳನ್ನು ತುಂಬಿಡುವ ಡ್ರೈವ್) 500 ಜಿಬಿಯ ವೇಗದ ಎನ್‌ವಿಎಂಇ ಇರಲಿ, ಸಾಧ್ಯವಾದರೆ 1 ಟಿಬಿ. ಕ್ಯಾಬಿನೆಟ್ಟಿನ ಗಾಜು, ಬಣ್ಣದ ದೀಪಗಳಿಗೆ ಹಣ ಸುರಿಯದೆ ಮುಂಭಾಗ ಜಾಲರಿಯದೇ ಎಂದು ನೋಡಿ. ಆಟಿಯ, ಅಂದರೆ ಜುಲೈ-ಆಗಸ್ಟ್ ಮಳೆಗಾಲದ, ತೇವದ ದಿನಗಳಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡದೆ ದಿನಕ್ಕೆ ಅರ್ಧ ಗಂಟೆಯಾದರೂ ನಡೆಸುವುದು ಒಳ್ಳೆಯದು.

ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆದು, ವಾರಂಟಿಯ ಸೇವೆ ಮಂಗಳೂರಿನಲ್ಲಿಯೇ ಸಿಗುತ್ತದೆಯೇ, ಬೆಂಗಳೂರಿಗೆ ಕಳುಹಿಸಬೇಕೇ ಎಂದು ಕೇಳಿಕೊಳ್ಳಿ. ಜೋಡಣೆ ಮುಗಿದ ಮೇಲೆ ಕಾರ್ಡು ಇರುವವರು ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಹಾಕದೆ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ಣ ವೇಗಕ್ಕೇರಿಸುವ ಆಯ್ಕೆ) ಚಾಲೂ ಮಾಡದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರ ವೇಗದಲ್ಲಿಯೇ ಉಳಿದೀತು. ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ 144 ಹರ್ಟ್ಜ್‌ನ ಮಾನಿಟರ್ ಕೊಂಡವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದು 60ಕ್ಕೇ ನಿಂತಿಲ್ಲವೆಂದು ನೋಡಿಕೊಂಡ ಮೇಲೆ ಆಟವನ್ನು ಇಳಿಸಿಕೊಳ್ಳಬಹುದು.